ಅಳತೆಗಿಂತ ಮೊದಲು ಬಂದ ಕತ್ತರಿ

ಹೊಟ್ಟೆ ನೋವು, ಸೊಂಟ ನೋವು ಎಂದು ಡಾಕ್ಟರ ಮುಂದೆ ಧೈರ್ಯವಾಗಿ ಹೇಳುವ ನಾವು ಒಂದು ಜಾಗಕ್ಕೆ ಮಾತ್ರ "ಕೆಳಗೆ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತೇವೆ. ಹೆಸರೆತ್ತಲಾಗದ ಅಂಗದ ಬಗ್ಗೆ ಅನುಮಾನವೂ ಬೇಗ ಹುಟ್ಟುತ್ತದೆ: ನನ್ನದು ಮಾತ್ರ ಹೀಗಿದೆಯೇ? ಯೋನಿಯ ಒಳತುಟಿಗಳನ್ನು ಕತ್ತರಿಸಿ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ ಬೆಳೆದು ಬಂದದ್ದು ಹೆಚ್ಚಾಗಿ ಈ ಅನುಮಾನದ ನೆಲದಲ್ಲೇ.

ನೋವು, ಉಜ್ಜುವಿಕೆಗಳಿಗಾಗಿ ಇದನ್ನು ಮಾಡುವುದು ಹಿಂದಿನಿಂದಲೂ ಇತ್ತು. ಅಂದದ ಮಾತು ಸೇರಿದ್ದು ಆಮೇಲೆ. 1984ರಲ್ಲಿ ಹಾಡ್ಜ್‌ಕಿನ್ಸನ್ ಮತ್ತು ಹೇಟ್ ಎಂಬ ಇಬ್ಬರು ವೈದ್ಯರು ಅಂದದ ದೃಷ್ಟಿಯಿಂದ ಮಾಡುವ ಈ ಶಸ್ತ್ರಕ್ರಿಯೆಯನ್ನು ಪ್ಲಾಸ್ಟಿಕ್ ಸರ್ಜರಿಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅಂಚನ್ನು ಕತ್ತರಿಸಿ ಹೊಲಿಯುವುದು ಒಂದು ಕ್ರಮ. ರವಿಕೆಯನ್ನು ಬಿಗಿ ಮಾಡಲು ನಡುವೆ ಬಟ್ಟೆ ಹಿಡಿಯುವಂತೆ, ತ್ರಿಕೋನದ ಒಂದು ತುಂಡನ್ನು ತೆಗೆದು ಸಹಜ ಅಂಚನ್ನು ಉಳಿಸುವುದು ಇನ್ನೊಂದು. ಇದನ್ನು 1998ರಲ್ಲಿ ಗ್ಯಾರಿ ಆಲ್ಟರ್ ಪ್ರಕಟಿಸಿದರು.

ವಿಚಿತ್ರವೆಂದರೆ, ಇಷ್ಟೆಲ್ಲ ಆಗುವಾಗಲೂ ಸಹಜ ಅಳತೆ ಎಷ್ಟೆಂದು ಯಾರೂ ಸರಿಯಾಗಿ ನೋಡಿರಲಿಲ್ಲ. ಲಂಡನ್ನಿನ ವೈದ್ಯರು ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದಿದ್ದ 50 ಹೆಂಗಸರನ್ನು ಅಳೆದು, ಫಲಿತಾಂಶ ಪ್ರಕಟಿಸಿದ್ದು 2005ರಲ್ಲಿ. ಒಳತುಟಿಯ ಅಗಲ ಒಬ್ಬರಲ್ಲಿ 7 ಮಿಲಿಮೀಟರ್ ಇದ್ದರೆ ಮತ್ತೊಬ್ಬರಲ್ಲಿ 50! ವಯಸ್ಸಿಗಾಗಲಿ, ಹೆರಿಗೆಗಾಗಲಿ, ದಾಂಪತ್ಯಕ್ಕಾಗಲಿ ಈ ಅಳತೆಗೂ ಸಂಬಂಧ ಕಾಣಲಿಲ್ಲ. ಉದ್ದವಾಗಿದ್ದರೆ ನಡತೆ ಸರಿಯಿಲ್ಲವೆಂಬ ಪಿಸುಮಾತಿಗೆ ಆಧಾರವೇ ಇಲ್ಲವೆಂದಾಯಿತು.

ಆನಂತರ ಎಚ್ಚರಿಕೆಯ ಮಾತುಗಳು ಬಂದವು. ಅಂದಕ್ಕಾಗಿ ಮಾಡುವ ಇಂಥ ಚಿಕಿತ್ಸೆಗಳ ಸುರಕ್ಷತೆ ಸಾಬೀತಾಗಿಲ್ಲವೆಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಸ್ಥೆ 2007ರಲ್ಲಿ ಹೇಳಿತು. ಹದಿಹರೆಯದಲ್ಲಿ ಅಂಗ ಇನ್ನೂ ಬೆಳೆಯುತ್ತಿರುತ್ತದೆ, 18 ತುಂಬುವ ಮೊದಲು ಅಂದಕ್ಕಾಗಿ ಮಾಡಬಾರದು ಎಂದು ಬ್ರಿಟನ್ನಿನ ರಾಯಲ್ ಕಾಲೇಜು 2013ರಲ್ಲಿ ತಿಳಿಸಿತು.

ಹಾಗೆಂದು ಇದು ಬೇಡವೇ ಬೇಡ ಎಂದಲ್ಲ. ನಡೆಯುವಾಗ, ಸೈಕಲ್ ತುಳಿಯುವಾಗ ಉಜ್ಜಿ ಹುಣ್ಣಾಗಿ ನರಳುವವರಿದ್ದಾರೆ. ಅವರಿಗೆ ಇದರಿಂದ ನೆಮ್ಮದಿ ಸಿಗಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಹೊಲಿಗೆ ತಾನೇ ಕರಗುತ್ತದೆ. ಮೊದಲ ದಿನಗಳಲ್ಲಿ ಊತ, ಉರಿ ಇರುತ್ತದೆ. ಪೂರ್ತಿ ಇಳಿಯಲು ವಾರಗಳೇ ಬೇಕು. ಸುಮಾರು 6 ವಾರ ಗಂಡ ಹೆಂಡಿರು ಕೂಡುವಂತಿಲ್ಲ. ರಕ್ತಸ್ರಾವ, ಸೋಂಕು, ಹೊಲಿಗೆ ಬಿಚ್ಚಿಕೊಳ್ಳುವುದು, ನೋಯುವ ಕಲೆ ಉಳಿಯುವುದು, ಇವೆಲ್ಲ ಆಗಬಹುದಾದ ತೊಂದರೆಗಳು. ಅಲ್ಲಿ ನರಗಳು ದಟ್ಟವಾಗಿರುವುದರಿಂದ ಸ್ಪರ್ಶಜ್ಞಾನ ಕುಂದುವ ಸಾಧ್ಯತೆಯೂ ಇದೆ. ತೆಗೆದ ಭಾಗ ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಮೊದಲು ಹೋಗಬೇಕಾದದ್ದು ಸ್ತ್ರೀರೋಗ ತಜ್ಞರ ಬಳಿಗೆ. ನೋವಿದ್ದರೆ ನೋವನ್ನು, ಬರಿಯ ಅನುಮಾನವಿದ್ದರೆ ಅನುಮಾನವನ್ನೇ ಅವರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಸಲ "ಇದು ಸಹಜವಮ್ಮ" ಎಂಬ ಒಂದು ಮಾತಿನಿಂದಲೇ ಆ ಭಾರ ಇಳಿದೀತು.