ಹುಳುವಿನ ಹೆಸರು, ನೋಡುವವರ ಕಣ್ಣು

1798ರಲ್ಲಿ ನೆಪೋಲಿಯನ್ನನ ಸೈನ್ಯ ಈಜಿಪ್ಟಿಗೆ ಹೊರಟಾಗ ಅದರ ಜೊತೆ ವಿದ್ವಾಂಸರ ದೊಡ್ಡ ತಂಡವೊಂದು ಹಡಗು ಹತ್ತಿತು. ಅವರಲ್ಲೊಬ್ಬರು 21 ವರ್ಷದ ಜೂಲ್ ಸೀಸರ್ ಸವಿನ್ಯಿ. ಸಸ್ಯಶಾಸ್ತ್ರದಲ್ಲಿ ಒಲವಿದ್ದ ಈ ಯುವಕನ ಪಾಲಿಗೆ ಬಂದದ್ದು ಬೆನ್ನೆಲುಬಿಲ್ಲದ ಪ್ರಾಣಿಗಳು. ಮೆಡಿಟರೇನಿಯನ್ ಮತ್ತು ಕೆಂಪು ಸಮುದ್ರದ ದಡಗಳಿಂದ ಸಂಗ್ರಹಿಸಿದ ರಾಶಿಯಲ್ಲಿ ಮೈತುಂಬ ಬಿರುಗೂದಲಿದ್ದ ಸಮುದ್ರದ ಹುಳುಗಳೂ ಇದ್ದವು.

ಈ ಹುಳುಗಳನ್ನು ಹೇಗೆ ಗುರುತಿಸುವುದು ಎಂಬುದಕ್ಕೆ ಆಗ ಗಟ್ಟಿಯಾದ ಕ್ರಮವಿರಲಿಲ್ಲ. ಲಿನೇಯಸ್ ಇವನ್ನು ಬಸವನಹುಳು, ಲೋಳೆಮೀನುಗಳ ಜೊತೆಗೆ 'ಹುಳುಗಳು' ಎಂಬ ಒಂದೇ ಗುಂಪಿಗೆ ಸೇರಿಸಿದ್ದರು. ಬಣ್ಣ ಮತ್ತು ಉದ್ದ ನೋಡಿ ಹೆಸರಿಡುವುದೂ ಕಷ್ಟ. ಸಾರಾಯಿಯ ಜಾಡಿಗೆ ಬಿದ್ದ ಹುಳು ಬಣ್ಣ ಕಳೆದುಕೊಂಡು ಮುದುಡಿಕೊಳ್ಳುತ್ತದೆ.

ಸವಿನ್ಯಿ ಬದಲಾಗದ ಭಾಗಗಳನ್ನು ಹುಡುಕಿದರು. ಮೊದಲು ತಲೆ: ಕುಡಿಮೀಸೆಗಳು ಎಷ್ಟು, ಕಣ್ಣುಗಳಿವೆಯೇ, ಹೊರಚಾಚುವ ಗಂಟಲಿನಲ್ಲಿ ದವಡೆಗಳಿವೆಯೇ? ಆಮೇಲೆ ಕಾಲು: ಪ್ರತಿ ಖಂಡದ ಇಬ್ಬದಿಯ ತಿರುಳುಗಾಲನ್ನು ಅವರು ದೋಣಿಯ ಹುಟ್ಟಿಗೆ ಹೋಲಿಸಿ, ಮೇಲಿನ ಹುಟ್ಟು, ಕೆಳಗಿನ ಹುಟ್ಟು ಎಂದು ವಿಂಗಡಿಸಿದರು. ಕೊನೆಗೆ ಕೂದಲು ಮತ್ತು ಕಿವಿರು. ಕೂದಲು ನೂಲಿನಂತೆ ಒಂದೇ ಎಳೆಯೋ, ನಡುವೆ ಕೀಲಿದೆಯೋ, ತುದಿಯಲ್ಲಿ ಕೊಕ್ಕೆಯಿದೆಯೋ? ಇಂದಿಗೂ ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಈ ಕೆಲಸ ನಡೆದಿರುವಾಗಲೇ, 1817ರಲ್ಲಿ, ಸವಿನ್ಯಿಯವರ ಕಣ್ಣಿನ ತೊಂದರೆ ಶುರುವಾಯಿತು. 1824ರ ಹೊತ್ತಿಗೆ ಕೆಲಸವನ್ನೇ ಬಿಡಬೇಕಾಯಿತು. ಬೆಳಕು ತಾಳಲಾರದೆ ಅವರು ಕತ್ತಲೆಯಲ್ಲಿ ಬದುಕಿದರು. ಈಜಿಪ್ಟಿನ ಪ್ರಾಣಿಗಳ ಅಪೂರ್ವ ಚಿತ್ರಫಲಕಗಳು ಸಿದ್ಧವಾಗಿದ್ದರೂ ಅವುಗಳಿಗೆ ವಿವರಣೆ ಬರೆಯಲು ಅವರಿಂದಾಗಲಿಲ್ಲ. ಆ ಕೆಲಸ ವಿಕ್ಟರ್ ಓದುವಾನ್ ಎಂಬ ಕಿರಿಯರಿಗೆ ಹೋಯಿತು. ಸವಿನ್ಯಿ 1851ರಲ್ಲಿ ತೀರಿಕೊಂಡರು. ಅದಕ್ಕೆ ತುಸು ಮುಂಚೆ, 1850ರಲ್ಲಿ, ಜರ್ಮನ್ ವಿಜ್ಞಾನಿ ಗ್ರೂಬೆ ಈ ಹುಳುಗಳಿಗೆ 'ಪಾಲಿಕೀಟಾ', ಅಂದರೆ ಬಹಳ ಕೂದಲಿನವು, ಎಂಬ ಹೆಸರು ಕೊಟ್ಟಿದ್ದರು.

ಭಾರತಕ್ಕೆ ಈ ಪರಂಪರೆ ತಲುಪಿದ್ದು ಇನ್ನೊಬ್ಬ ಫ್ರೆಂಚ್ ವಿದ್ವಾಂಸ ಪಿಯರ್ ಫೋವೆಲ್ ಮೂಲಕ. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಹುಳುಗಳ ಬಗ್ಗೆ ಅವರು 1932ರಲ್ಲಿ ಬರೆದರು. 1953ರಲ್ಲಿ ಅಲಹಾಬಾದಿನಿಂದ ಬಂದ ಅವರ ದೊಡ್ಡ ಗ್ರಂಥ ನಮ್ಮ ಕರಾವಳಿಯ ಸಂಶೋಧಕರ ಕೈಪಿಡಿಯಾಯಿತು. ಅದರಲ್ಲೊಂದು ತೊಡಕೂ ಇತ್ತು. ಯುರೋಪಿನ ಹುಳುವನ್ನು ಹೋಲುವ ಇಲ್ಲಿಯ ಎಷ್ಟೋ ಹುಳುಗಳಿಗೆ ಯುರೋಪಿನ ಹೆಸರೇ ಅಂಟಿತು.

ಹೋಲಿಕೆಯನ್ನು ನಂಬುವುದು ಎಷ್ಟು ಅಪಾಯ ಎಂಬುದು ಅಮೆರಿಕದಲ್ಲಿ ಬಯಲಾಯಿತು. 1969ರ ಸೆಪ್ಟೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ತೈಲದ ಬಾರ್ಜ್ ಒಂದು ನೆಲಕಚ್ಚಿ ಇಂಧನ ಸಮುದ್ರಕ್ಕೆ ಹರಿಯಿತು. ತಳದ ಜೀವಿಗಳು ಸತ್ತ ಕೆಸರಿನಲ್ಲಿ ಒಂದು ಪುಟ್ಟ ಕೆಂಪು ಹುಳು ಮಾತ್ರ ಲೆಕ್ಕವಿಲ್ಲದಷ್ಟು ಹೆಚ್ಚಿತು. ಅದು ಕ್ಯಾಪಿಟೆಲ್ಲಾ ಕ್ಯಾಪಿಟೇಟಾ, 1780ರಲ್ಲಿ ಫ್ಯಾಬ್ರಿಷಿಯಸ್ ಗ್ರೀನ್‌ಲ್ಯಾಂಡಿನಿಂದ ವರ್ಣಿಸಿದ ಹುಳು ಎಂದೇ ಎಲ್ಲರ ಎಣಿಕೆ. ಇದು ಕಂಡಲ್ಲಿ ನೀರು ಕೆಟ್ಟಿದೆ ಎಂದು ಹೇಳುವ ವಾಡಿಕೆಯೂ ಇತ್ತು.

ಇದರ ತಲೆಯಲ್ಲಿ ಕುಡಿಮೀಸೆಯಿಲ್ಲ. ಮುಂದಿನ ಖಂಡಗಳಲ್ಲಿ ಎಳೆಗೂದಲು, ಹಿಂದಿನವುಗಳಲ್ಲಿ ಕೊಕ್ಕೆ. ಗುರುತು ಹಿಡಿಯಲು ಸಿಗುವುದೇ ಇಷ್ಟು. ಜುಡಿತ್ ಮತ್ತು ಫ್ರೆಡರಿಕ್ ಗ್ರಾಸಲ್ ದಂಪತಿ ಈ ಹುಳುಗಳ ಕಿಣ್ವಗಳನ್ನು ಹೋಲಿಸಿ ನೋಡಿದರು. 1976ರಲ್ಲಿ ಅವರು ಪ್ರಕಟಿಸಿದ ಉತ್ತರ: ಒಂದಲ್ಲ, ಆರು ಜಾತಿಗಳಿವೆ. ಕಣ್ಣಿಗೆ ಒಂದೇ ತರ ಕಂಡರೂ ಅವುಗಳ ಸಂತಾನ ಬೆಳೆಸುವ ಬಗೆ ಬೇರೆ ಬೇರೆ. ಆ ಪೈಕಿ ಒಂದಕ್ಕೆ ಕ್ಯಾಪಿಟೆಲ್ಲಾ ಟೆಲೆಟಾ ಎಂಬ ಸ್ವಂತ ಹೆಸರು ಸಿಕ್ಕಿದ್ದು 2009ರಲ್ಲಿ.

ಹಾಗೆಂದು ಸವಿನ್ಯಿಯವರ ಪ್ರಶ್ನೆಗಳು ಹಳತಾಗಿಲ್ಲ. ಡಿಎನ್ಎ ಪರೀಕ್ಷೆಗೆ ಕಳಿಸುವ ಮುನ್ನವೂ ಹುಳುವಿನ ತಲೆ, ಕಾಲು, ಕೂದಲನ್ನು ನೋಡಿಯೇ ಬರೆದಿಡಬೇಕು. ಮಾದರಿಯನ್ನು ಜಾಡಿಯಲ್ಲಿ ಉಳಿಸಬೇಕು. ಅವುಗಳ ಜೊತೆಗೆ ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಈ ಹೆಸರಿನ ಮೊದಲ ಹುಳು ಸಿಕ್ಕಿದ್ದು ಯಾವ ಕಡಲಿನಲ್ಲಿ? ನಮ್ಮ ಬಂದರಿನ ಕೆಸರಿನ ವರದಿಯಲ್ಲಿ ಗ್ರೀನ್‌ಲ್ಯಾಂಡಿನ ಹೆಸರು ಕಂಡರೆ, ನೀರಿನ ಬಗ್ಗೆ ತೀರ್ಪು ಕೊಡುವ ಮೊದಲು ಆ ಜಾಡಿಯ ಮುಚ್ಚಳ ಮತ್ತೊಮ್ಮೆ ತೆರೆಯುವುದು ಒಳ್ಳೆಯದು.