ಕ್ರಯಪತ್ರದಲ್ಲಿ ಬಿಸಿಲು: ಘೋಡಬಂದರ್ ರಸ್ತೆಯ ತಾರಸಿಗಳ ಕಥೆ

ಮನೆ, ಜಮೀನು ಮಾರುವಾಗ ಅದರೊಡನೆ ಏನೇನು ಕೈ ಬದಲಾಗುತ್ತದೆ ಎಂದು ಎಣಿಸಿ ಬರೆಯುವ ರೂಢಿ ಕನ್ನಡ ನಾಡಿನಲ್ಲೂ ಮರಾಠಿ ನಾಡಿನಲ್ಲೂ ಬಹಳ ಹಳೆಯದು. ವಿಜಯನಗರ ಕಾಲದ ಶಾಸನಗಳಿಂದ ಹಿಡಿದು ಅಜ್ಜಂದಿರ ಕಾಲದ ಕ್ರಯಪತ್ರಗಳವರೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳು ಸಾಲಾಗಿ ಬರುತ್ತವೆ. ಮರಾಠರ ಇನಾಮು ಸನದುಗಳು ಜಲ, ತರು, ತೃಣ, ಕಾಷ್ಠ, ಪಾಷಾಣಗಳನ್ನು ಹೆಸರಿಸುತ್ತವೆ. ಹುಲ್ಲನ್ನೂ ಬಿಡದ ಈ ಪಟ್ಟಿಗಳಲ್ಲಿ ಬಿಸಿಲು ಮಾತ್ರ ಇಲ್ಲ. ಅಂಗಳದ ಬಿಸಿಲಿಗೆ ಭತ್ತ ಹರಡಬಹುದಿತ್ತು, ಹಪ್ಪಳ ಒಣಗಿಸಬಹುದಿತ್ತು. ಅದಕ್ಕೆ ಬೆಲೆ ಕಟ್ಟಿ ಇನ್ನೊಬ್ಬರಿಗೆ ಒಪ್ಪಿಸುವ ಪ್ರಶ್ನೆ ಏಳುತ್ತಿರಲಿಲ್ಲ. ತಾರಸಿಯ ಮೇಲೆ ತಾಮ್ರ, ಗಾಜು, ಸಿಲಿಕಾನ್ ಬಂದು ಕೂತ ಮೇಲೆ ಆ ಪ್ರಶ್ನೆ ಎದ್ದಿತು. ಥಾಣೆಯ ಘೋಡಬಂದರ್ ರಸ್ತೆಯ ಮನೆಗಳಲ್ಲಿ ಅದು ಒಂದೇ ತಲೆಮಾರಿನೊಳಗೆ ಮೂರು ಸಲ ರೂಪ ಬದಲಿಸಿತು.

ಉಲ್ಲಾಸ ನದಿ ಸಮುದ್ರದ ಕಡೆ ಹಿಗ್ಗುವಲ್ಲಿ, ವಸಯಿ ಖಾರಿಯ ದಂಡೆಯಲ್ಲಿ, ಪೋರ್ಚುಗೀಸರ ಕಾಲದಲ್ಲಿ ಕುದುರೆಗಳು ಇಳಿಯುತ್ತಿದ್ದ ಬಂದರಿನಿಂದ ಈ ರಸ್ತೆಗೆ ಹೆಸರು ಬಂತು. ಅಲ್ಲಿನ ಕೋಟೆ 1737ರಲ್ಲಿ ಮರಾಠರ ಕೈಗೆ, 1818ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಮಾಜಿವಾಡದಿಂದ ಕಾಪೂರ್‌ಬಾವಡಿ, ಮಾನ್‌ಪಾಡಾ, ಪಾತ್ಲೀಪಾಡಾ, ವಾಘ್‌ಬೀಳ್, ಕಾಸರ್‌ವಡವಲಿ, ಓವಳಾ ದಾಟಿ ಗಾಯಮುಖದ ಕಡೆಗೆ ಸಾಗುವ ದಾರಿಯ ಒಂದು ಪಕ್ಕ ಯೇವೂರಿನ ಕಾಡುಗುಡ್ಡ, ಇನ್ನೊಂದು ಪಕ್ಕ ಖಾರಿ. ನಡುವೆ ಇದ್ದದ್ದು ಆಗ್ರಿ, ಕೋಳಿ, ವಾರಲಿ ಜನರ ಊರುಗಳು, ಭತ್ತದ ಗದ್ದೆಗಳು. ಆ ಕಾಲದ ವ್ಯವಹಾರವೆಲ್ಲ ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರೆಯ ಮೇಲೆ ನಡೆಯುತ್ತಿತ್ತು. ಬಾವಿ ಯಾರದು, ಮಾವಿನ ಮರ ಯಾರದು ಎಂಬಷ್ಟರಲ್ಲಿ ಜಗಳವೂ ಮುಗಿಯುತ್ತಿತ್ತು. ಸ್ವಾತಂತ್ರ್ಯಾನಂತರ ಕೋಲ್ಶೇತ್, ಬಾಳ್‌ಕುಮ್ ಕಡೆಗೆ ಕಾರ್ಖಾನೆಗಳು ಬಂದವು. ಕಾರ್ಖಾನೆಗಳು ಮುಚ್ಚಿದಂತೆ ಅವುಗಳ ಜಾಗದಲ್ಲೂ ಗದ್ದೆಗಳ ಜಾಗದಲ್ಲೂ ವಸತಿ ಗೋಪುರಗಳು ಎದ್ದವು. ಮುಲುಂಡ್, ಭಾಂಡುಪ್‌ಗಳ ಚಿಕ್ಕ ಖೋಲಿಗಳಿಂದ ದೊಡ್ಡ ಮನೆ ಹುಡುಕಿಕೊಂಡು ಬಂದವರಲ್ಲಿ ಉಡುಪಿ, ಮಂಗಳೂರು, ಉತ್ತರ ಕನ್ನಡಗಳ ಹೋಟೆಲಿನವರೂ ಬ್ಯಾಂಕಿನವರೂ ಇದ್ದರು.

ಈ ಮನೆಗಳಿಗೆ ಅನ್ವಯಿಸುವ ಮೂಲ ಕಾನೂನು ಸೋಲಾರಿಗಿಂತ ಬಹಳ ಹಿಂದಿನದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 8ನೇ ಕಲಮಿನ ಪ್ರಕಾರ ಮನೆ ಮಾರಿದರೆ ಅದರ ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿಗಳೂ ಮನೆಯೊಡನೆ ಶಾಶ್ವತ ಬಳಕೆಗೆಂದು ಒದಗಿಸಿದ ಉಳಿದೆಲ್ಲವೂ ಕೊಂಡವರಿಗೆ ಹೋಗುತ್ತವೆ, ಬೇರೆ ಮಾತಾಗಿರದಿದ್ದರೆ. ಅದೇ ಕಾಯಿದೆಯ 3ನೇ ಕಲಮು ನೆಲಕ್ಕೆ ಅಂಟಿದ್ದು ಎಂದರೇನು ಎಂದು ಹೇಳುತ್ತದೆ: ಮರದಂತೆ ಬೇರು ಬಿಟ್ಟದ್ದು, ಗೋಡೆಯಂತೆ ಹುಗಿದದ್ದು, ಹೀಗೆ ಹುಗಿದದ್ದರ ಶಾಶ್ವತ ಉಪಯೋಗಕ್ಕಾಗಿ ಅದಕ್ಕೆ ಜೋಡಿಸಿದ್ದು. ಎಷ್ಟು ಬಿಗಿಯಾಗಿ ಕೂರಿಸಿದೆ, ಯಾವ ಉದ್ದೇಶಕ್ಕೆ ಕೂರಿಸಿದೆ ಎಂಬ ಎರಡನ್ನೂ ನ್ಯಾಯಾಲಯಗಳು ನೋಡುತ್ತ ಬಂದಿವೆ. ಬಳಕೆಯ ರೂಢಿ ಇನ್ನೂ ಸರಳ: ಮಾರುವವರು ಫ್ಯಾನು, ಗೀಸರ್ ಬಿಚ್ಚಿಕೊಂಡು ಹೋಗುತ್ತಾರೆ, ಸ್ವಿಚ್ಚು, ನಲ್ಲಿ ಬಿಟ್ಟು ಹೋಗುತ್ತಾರೆ. ಸೋಲಾರ್ ಹೀಟರ್ ಬಂದಾಗ ಅದನ್ನು ಗೀಸರಿನ ಸಾಲಿಗೆ ಸೇರಿಸಬೇಕೋ ನಲ್ಲಿಯ ಸಾಲಿಗೋ ಎಂಬುದೇ ಮೊದಲ ತೊಡಕು.

ಬಿಸಿಲಿನಲ್ಲಿ ನೀರು ಕಾಯಿಸುವ ಯಂತ್ರಕ್ಕೆ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದಿದ್ದ. ಭಾರತದಲ್ಲಿ ಅದನ್ನು ಮನೆಮನೆಯ ವಸ್ತುವಾಗಿಸಿದ ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸಾಲಿನ ಸ್ಥಾನ. ಚಳಿಯ ಬೆಳಗು, ಒಂಟಿ ಮನೆಗಳ ತಾರಸಿ, ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ಗರಿಷ್ಠ 50 ರೂಪಾಯಿ ರಿಯಾಯಿತಿ, 2007ರ ಕಡ್ಡಾಯ ಆದೇಶ, ಎಲ್ಲವೂ ಅಲ್ಲಿ ಕೂಡಿಬಂದವು. ಥಾಣೆ ಮಹಾನಗರಪಾಲಿಕೆಯೂ 2000ದ ದಶಕದಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು, ಹಾಕಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಕಲ್ಯಾಣ-ಡೊಂಬಿವಲಿ ಪಾಲಿಕೆ ಅದೇ ದಾರಿ ಹಿಡಿಯಿತು. ಸಾಂಪ್ರದಾಯಿಕ ಇಂಧನದ ಬೇಡಿಕೆಯನ್ನು ಐದು ವರ್ಷಗಳಲ್ಲಿ ಶೇಕಡಾ 10ರಷ್ಟು ತಗ್ಗಿಸಬೇಕೆಂಬ ಕೇಂದ್ರ ಸರ್ಕಾರದ ‘ಸೋಲಾರ್ ನಗರ’ ಯೋಜನೆಯಲ್ಲಿ ಮಹಾರಾಷ್ಟ್ರದಿಂದ ಆಯ್ಕೆಯಾದ ಊರುಗಳಲ್ಲಿ ಈ ಎರಡೂ ಇದ್ದವು.

ಬೆಂಗಳೂರಿನ ಒಂಟಿ ಮನೆಗೆ ಒಗ್ಗಿದ್ದು ಘೋಡಬಂದರ್ ರಸ್ತೆಯ ಗೋಪುರಕ್ಕೆ ಹಾಗೆಯೇ ಒಗ್ಗಲಿಲ್ಲ. ದಿನಕ್ಕೆ 100 ಲೀಟರ್ ಬಿಸಿನೀರಿಗೆ ಸುಮಾರು 2 ಚದರ ಮೀಟರ್ ಹೀರುಫಲಕ ಬೇಕು. ಮಹಡಿಗೆ ನಾಲ್ಕರಂತೆ 20 ಮಹಡಿಯ ಕಟ್ಟಡದಲ್ಲಿ 80 ಮನೆ. ಎಲ್ಲರಿಗೂ ಕೊಡಲು ಬರೀ ಫಲಕಕ್ಕೇ 160 ಚದರ ಮೀಟರ್. ತಾರಸಿಯಲ್ಲಿ ನೀರಿನ ಟಾಕಿ, ಲಿಫ್ಟಿನ ಕೋಣೆ, ಬೆಂಕಿ ಬಿದ್ದಾಗ ಜನ ನಿಲ್ಲಲು ಬಿಡಬೇಕಾದ ಜಾಗ ಕಳೆದರೆ ಅಷ್ಟು ಸ್ಥಳ ಉಳಿಯುವುದು ಕಷ್ಟ. ಕೊಳವೆಯಲ್ಲಿ ನಿಂತ ತಣ್ಣೀರು ಹರಿದು ಹೋಗುವವರೆಗೆ ಕೆಳಮಹಡಿಯವರು ಬಕೆಟ್ಟುಗಟ್ಟಲೆ ನೀರು ಚೆಲ್ಲಬೇಕು; ನೀರಿಗೆ ಟ್ಯಾಂಕರ್ ಕಾಯುವ ಪ್ರದೇಶದಲ್ಲಿ ಇದು ಚಿಕ್ಕ ಮಾತಲ್ಲ. ಹಾಗಾಗಿ ಮೇಲಿನ ಕೆಲವು ಮಹಡಿಗಳಿಗೆ, ಅದೂ ಒಂದು ಬಚ್ಚಲಿಗೆ ಮಾತ್ರ ಸೋಲಾರ್ ನೀರು ಕೊಡುವ ಪದ್ಧತಿ ಬಂತು. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ, ಜನ ‘ಓಸಿ’ ಎನ್ನುವುದು, ಸಿಕ್ಕಮೇಲೆ ಎಷ್ಟೋ ಕಡೆ ಈ ಹೀಟರನ್ನು ನೋಡಿಕೊಳ್ಳುವವರೇ ಇಲ್ಲವಾಯಿತು. ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಕಟ್ಟಿತು, ಗಾಜಿನ ನಳಿಗೆಗಳು ಒಡೆದವು. ಮರುಮಾರಾಟದಲ್ಲಿ ಮನೆ ಕೊಂಡವರಿಗೆ ‘ಸೋಲಾರ್ ಇದೆ’ ಎಂದರೆ ಏನು ಇದೆ ಎಂದು ತಾರಸಿಗೆ ಹತ್ತಿ ನೋಡಬೇಕಾದ ಸ್ಥಿತಿ. ಕಡ್ಡಾಯ ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು; ಕೂರಿಸುವುದನ್ನು ನಿಯಮ ಮಾಡಿದಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಹೋಗುವುದನ್ನು ನಿಯಮ ಮಾಡದೆ ಹೋದದ್ದು ನಷ್ಟವಾಯಿತು.

ತಾರಸಿ ಯಾರದು ಎಂಬುದೂ ಆಗ ಗೊಂದಲವಾಗಿತ್ತು. 1963ರ ಮಹಾರಾಷ್ಟ್ರ ಫ್ಲಾಟ್ ಕಾಯಿದೆಯಂತೆ ಬಿಲ್ಡರು ಜಮೀನನ್ನೂ ಕಟ್ಟಡವನ್ನೂ ಮನೆ ಕೊಂಡವರ ವಸತಿ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಹಾಗೆ ಮಾಡದೆ ವರ್ಷಗಟ್ಟಲೆ ಸತಾಯಿಸುವವರು ಹೆಚ್ಚಾದದ್ದರಿಂದ, ಬಿಲ್ಡರು ಸಹಿ ಹಾಕದಿದ್ದರೂ ಹಕ್ಕು ದಾಖಲಾಗುವ ‘ಡೀಮ್ಡ್ ಕನ್ವೇಯನ್ಸ್’ ವ್ಯವಸ್ಥೆ 2008ರ ತಿದ್ದುಪಡಿಯಿಂದ ಬಂತು. 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ರೇರಾ, ಇನ್ನೂ ಸ್ಪಷ್ಟ ಮಾತಾಡಿತು: ‘ಸಾಮಾನ್ಯ ಪ್ರದೇಶ’ದ ವ್ಯಾಖ್ಯೆಯಲ್ಲಿ ಸಾಮೂಹಿಕ ತಾರಸಿಯ ಜೊತೆಗೆ ನೀರುಳಿತಾಯ ಮತ್ತು ನವೀಕರಿಸಬಹುದಾದ ಇಂಧನದ ವ್ಯವಸ್ಥೆಯನ್ನೂ ಹೆಸರಿಸಿತು. ಅಷ್ಟಭೋಗದ ಪಟ್ಟಿಯಲ್ಲಿ ಇರದ ಬಿಸಿಲು ಹೀಗೆ ಮನೆಮಾರಾಟದ ಕಾನೂನಿನೊಳಗೆ ಹೆಸರಿಟ್ಟುಕೊಂಡು ಬಂತು.

ಅಷ್ಟರಲ್ಲಿ ತಾರಸಿಯ ಮೇಲಿನ ವಸ್ತುವೇ ಬದಲಾಗಿತ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿಕೊಟ್ಟ ಸಿಲಿಕಾನ್ ಕೋಶ ದಶಕಗಳ ಕಾಲ ಉಪಗ್ರಹಗಳಿಗೂ ಕರೆಂಟು ಮುಟ್ಟದ ಊರುಗಳಿಗೂ ಸೀಮಿತವಾಗಿತ್ತು. ಬೆಂಗಳೂರಿನಲ್ಲಿ 1989ರಲ್ಲಿ ಟಾಟಾ ಬಿಪಿ ಸೋಲಾರ್, 1995ರಲ್ಲಿ ಹರೀಶ್ ಹಂದೆಯವರ ಸೆಲ್ಕೋ ಆರಂಭವಾದಾಗಲೂ ಫಲಕದ ಜೊತೆಗಾರ ಬ್ಯಾಟರಿಯೇ. ಆ ಕಾಲದ ಫಲಕ ಬಿಚ್ಚಿ ಒಯ್ಯುವ ಸಾಮಾನು. ಮನೆ ಬದಲಾದರೆ ಟ್ರಂಕಿನೊಡನೆ ಅದೂ ಹೋಗಬಹುದಿತ್ತು. ಊರ ವಿದ್ಯುತ್ ಜಾಲಕ್ಕೆ ಫಲಕವನ್ನು ಜೋಡಿಸಿ ಹಗಲು ಹೆಚ್ಚಾದದ್ದನ್ನು ಕೊಟ್ಟು ರಾತ್ರಿ ಬೇಕಾದದ್ದನ್ನು ತೆಗೆದುಕೊಳ್ಳುವ ನೆಟ್ ಮೀಟರಿಂಗ್‌ಗೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ನಿಯಮ ಮಾಡಿತು. 2019ರ ಕೊನೆಯಲ್ಲಿ ಹೊಸ ನಿಯಮ ಅದರ ಜಾಗಕ್ಕೆ ಬಂತು. ಬಿಚ್ಚಿ ಒಯ್ದರೆ ಗಾಜು, ಕಬ್ಬಿಣ ಬರುತ್ತದೆ. ಲೆಕ್ಕದಲ್ಲಿ ಜಮೆಯಾದ ಯೂನಿಟ್ಟು ಬರುವುದಿಲ್ಲ. ಮನೆಯೊಡನೆ ಕೈ ಬದಲಾಗಬೇಕಾದದ್ದು ಸಾಮಾನಿನಿಂದ ಕರಾರಿಗೆ, ತಾರಸಿಯಿಂದ ಮೀಟರಿಗೆ ಸರಿದದ್ದು ಆಗಲೇ. ಈ ಬದಲಾವಣೆಯೇ ಇಡೀ ಚರಿತ್ರೆಯ ಮುಖ್ಯ ತಿರುವು.

ಗೋಪುರಗಳಲ್ಲಿ ಈ ಕರಾರು ಸೊಸೈಟಿಯ ಹೆಸರಿನಲ್ಲಿರುತ್ತದೆ. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ಬೇಕು, ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್ ಹುಟ್ಟುತ್ತದೆ. ಆ 80 ಮನೆಗಳ ಕಟ್ಟಡದಲ್ಲಿ 2,000 ಚದರ ಅಡಿ ಸಿಕ್ಕಿತೆಂದುಕೊಂಡರೂ 20 ಕಿಲೋವ್ಯಾಟ್, ಅಂದರೆ ಮನೆಗೆ ದಿನಕ್ಕೊಂದು ಯೂನಿಟ್ ಮಾತ್ರ. ಹಂಚಿದರೆ ಯಾರಿಗೂ ಸಾಲದ ಈ ಕರೆಂಟನ್ನು ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಸಾಮೂಹಿಕ ಮೀಟರಿಗೆ ಕೊಡುವುದು ಜಾಣತನ. 2024ರ ಫೆಬ್ರವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಇದನ್ನೇ ಒಪ್ಪಿ, ಸೊಸೈಟಿಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿಯಂತೆ 500 ಕಿಲೋವ್ಯಾಟ್‌ವರೆಗೆ ಸಹಾಯಧನ ಇಟ್ಟಿತು.

ಇಂಥ ಕಟ್ಟಡದಲ್ಲಿ ಮನೆ ಕೊಂಡವರು ಫಲಕವನ್ನು ಬೇರೆಯಾಗಿ ಕೊಳ್ಳುವುದಿಲ್ಲ. ಸೊಸೈಟಿಯ ಶೇರು ಪತ್ರದ ಹಿಂಬದಿಯಲ್ಲಿ ಹೊಸ ಹೆಸರು ಏರಿದೊಡನೆ ಸಿಂಕಿಂಗ್ ಫಂಡಿನಲ್ಲಿ ಹಿಂದಿನವರು ಕಟ್ಟಿದ ಹಣದಂತೆ ಫಲಕದ ಪಾಲೂ ಬರುತ್ತದೆ. ಮಾರುವವರು ವಿಶೇಷ ವಂತಿಗೆ ಕೊಟ್ಟಿದ್ದರೆ ಅದನ್ನು ಬೆಲೆಯಲ್ಲೇ ಕೇಳಬೇಕು; ಸೊಸೈಟಿಯಿಂದ ವಾಪಸು ಪಡೆಯುವ ರೂಢಿ ಇಲ್ಲ. 2001ರ ಸರ್ಕಾರಿ ಸುತ್ತೋಲೆಯಂತೆ ಮಹಾನಗರಪಾಲಿಕೆ ಪ್ರದೇಶದಲ್ಲಿ ಸೊಸೈಟಿ ಪಡೆಯುವ ವರ್ಗಾವಣೆ ಪ್ರೀಮಿಯಂ 25,000 ರೂಪಾಯಿ ಮೀರಬಾರದು, ಆದ್ದರಿಂದ ಸೋಲಾರಿನ ಹೆಸರಿನಲ್ಲಿ ಅದನ್ನು ಏರಿಸಲೂ ಬಾರದು.

ಫಲಕಕ್ಕಾಗಿ ಮಾಡಿದ ಸಾಲ ಬಾಕಿಯಿದ್ದರೆ, ಅಥವಾ ಫಲಕ ಸೊಸೈಟಿಯದೇ ಅಲ್ಲದಿದ್ದರೆ, ಮಾತು ಬೇರೆ. ಕಂಪನಿಯೊಂದು ತನ್ನ ಖರ್ಚಿನಲ್ಲಿ ಫಲಕ ಹಾಕಿ, 15–25 ವರ್ಷ ಯೂನಿಟ್ಟಿಗಿಷ್ಟು ಎಂದು ಹಣ ಪಡೆಯುವ ಪದ್ಧತಿ ಭಾರತದಲ್ಲೂ ಇದೆ. ಇಲ್ಲಿ ಕೊಂಡವರಿಗೆ ಬರುವುದು ಆಸ್ತಿಯಲ್ಲ, ಹೊಣೆ. ಈ ಬಗೆಯ ಕರಾರು ಮನೆಮಾರಾಟವನ್ನೇ ಹೇಗೆ ಸಿಕ್ಕಿಸಬಲ್ಲದು ಎಂಬುದನ್ನು ಹೊರದೇಶಗಳು ಮೊದಲು ಕಂಡವು. ಕ್ಯಾಲಿಫೋರ್ನಿಯಾದಲ್ಲಿ 2008ರ ಸುಮಾರಿಗೆ ಹಬ್ಬಿದ ಬಾಡಿಗೆ ಫಲಕಗಳ ಕರಾರನ್ನು ಮನೆ ಕೊಳ್ಳುವವರು ಹೊರಬೇಕಾಗಿ ಬಂದು ಎಷ್ಟೋ ವ್ಯಾಪಾರ ಮುರಿದವು. ಬ್ರಿಟನ್ನಿನಲ್ಲಿ 2010ರಿಂದ ನಡೆದ ಪ್ರೋತ್ಸಾಹ ದರದ ಆಸೆಗೆ ಕಂಪನಿಗಳು ಮನೆಗಳ ಮಾಡನ್ನೇ 25 ವರ್ಷಕ್ಕೆ ಗೇಣಿಗೆ ಪಡೆದವು. ಗೃಹಸಾಲ ಕೊಡುವವರು ಆ ಗೇಣಿಪತ್ರ ನೋಡಿ ತಕರಾರು ತೆಗೆದರು.

ಸ್ವಂತ ಮಾಡು ಇರುವ ಮನೆಗಳಲ್ಲಿ, ಡೊಂಬಿವಲಿಯ ಎಂಐಡಿಸಿ ವಸತಿ ಭಾಗದ ಬಂಗಲೆಗಳಲ್ಲಿ, ನವಿ ಮುಂಬಯಿಯ ರೋ ಹೌಸುಗಳಲ್ಲಿ, ಫಲಕ ಒಬ್ಬರ ಹೆಸರಿನಲ್ಲೇ ಇರುತ್ತದೆ. ಎರಡೂ ಕಡೆ ಜಮೀನು ಗೇಣಿಯದು. ನವಿ ಮುಂಬಯಿಯಲ್ಲಿ ಸಿಡ್ಕೋ ಸಂಸ್ಥೆ ಸಾಮಾನ್ಯವಾಗಿ 60 ವರ್ಷಕ್ಕೆ ಕೊಟ್ಟದ್ದು. ಹಾಗಾಗಿ ಭೂಮಿಯ ವರ್ಗಾವಣೆ ಒಂದು ಕಚೇರಿಯಲ್ಲಿ, ಮೀಟರಿನದು ವಿದ್ಯುತ್ ಕಂಪನಿಯಾದ ಮಹಾವಿತರಣದಲ್ಲಿ. ಕ್ರಯಪತ್ರದಲ್ಲಿ ಫಲಕದ ಸಾಮರ್ಥ್ಯ, ಇನ್ವರ್ಟರಿನ ನಂಬರು, ವಾರಂಟಿ ಪತ್ರಗಳನ್ನು ಹೆಸರಿಸಿ ಬರೆಯುವುದು ಹಳೆಯ ಅಷ್ಟಭೋಗದ ಕ್ರಮಕ್ಕೆ ತಕ್ಕದ್ದೇ. ಆಮೇಲೆ ಮೀಟರಿನ ಹೆಸರು ಬದಲಾಯಿಸಿ, ನೆಟ್ ಮೀಟರಿಂಗ್ ಕರಾರನ್ನೂ ಹೊಸ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದು ಬಿಟ್ಟುಹೋದರೆ ಜಮೆಯ ಯೂನಿಟ್ಟು ಹಳೆಯ ಯಜಮಾನರ ಲೆಕ್ಕದಲ್ಲೇ ಉಳಿಯುತ್ತದೆ. ಆರ್ಥಿಕ ವರ್ಷದ ಕೊನೆಗೆ ಮಿಕ್ಕ ಯೂನಿಟ್ಟಿಗೆ ಸಿಗುವ ದರ ಬಿಲ್ಲಿನ ದರಕ್ಕಿಂತ ಕಡಿಮೆ, ಆದ್ದರಿಂದ ಮಾರ್ಚ್ ತಿಂಗಳಲ್ಲಿ ಮನೆ ಬದಲಾದರೆ ಈ ಲೆಕ್ಕವನ್ನು ಮೊದಲೇ ನೋಡಬೇಕು. ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗೆ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟಿಗೆ ಸಿಗುವ 78,000 ರೂಪಾಯಿ ಸಹಾಯಧನ ಹಾಕಿಸಿದವರಿಗೆ ಸಂದದ್ದು. ಬೆಲೆ ಕಟ್ಟುವಾಗ ಅದನ್ನು ಕಳೆದೇ ಲೆಕ್ಕ ಹಾಕುವುದು ನ್ಯಾಯ.

ವಸ್ತುವಿನ ಸ್ಥಿತಿ ಕಾಗದದಷ್ಟೇ ಮುಖ್ಯ. ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಉತ್ಪಾದನಾ ಭರವಸೆ ಇರುತ್ತದೆ, ಇನ್ವರ್ಟರ್ ಅದರ ಅರ್ಧ ಆಯುಸ್ಸೂ ಬಾಳದಿರಬಹುದು. ಖಾರಿಯ ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುತ್ತದೆ. ಬೋಲ್ಟು ತಾರಸಿಯನ್ನು ಕೊರೆದಲ್ಲಿ ಮಳೆಗಾಲದಲ್ಲಿ ಕೆಳಗಿನ ಮನೆಯ ಮಾಡು ಒಸರುತ್ತದೆ. 2020ರ ನಿಸರ್ಗ, 2021ರ ತೌಕ್ತೆ ಚಂಡಮಾರುತಗಳ ನಂತರ ಚೌಕಟ್ಟಿನ ಬಿಗಿಯನ್ನು ಕೇಳದೆ ಕೊಳ್ಳುವಂತಿಲ್ಲ. ಬ್ಯಾಟರಿಯಿಲ್ಲದ ನೆಟ್ ಮೀಟರ್ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು. 2000ದ ದಶಕದ ಲೋಡ್‌ಶೆಡ್ಡಿಂಗ್ ಕಂಡ ಥಾಣೆಯವರು ಸೋಲಾರ್ ಎಂದರೆ ಕತ್ತಲಿಗೆ ಆಸರೆ ಎಂದು ಭಾವಿಸುವುದು ಸಹಜ, ಆದರೆ ಅದು ಇನ್ವರ್ಟರ್-ಬ್ಯಾಟರಿಯ ಕೆಲಸ.

ಕೊನೆಗೆ ಉಳಿಯುವುದು ಬಿಸಿಲಿನದೇ ಹಕ್ಕು. 1882ರ ಈಸ್‌ಮೆಂಟ್ ಕಾಯಿದೆಯ 15ನೇ ಕಲಮಿನಂತೆ 20 ವರ್ಷ ಅಡೆತಡೆಯಿಲ್ಲದೆ ಕಟ್ಟಡಕ್ಕೆ ಬಂದ ಗಾಳಿ, ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ. ಆದರೆ ಅದಕ್ಕೆ ಧಕ್ಕೆಯಾಯಿತೇ ಎಂದು ಅಳೆಯುವ 33ನೇ ಕಲಮಿನ ಮಾತು ಮನೆಯ ಕಿಟಕಿಯಂಥ ತೆರವುಗಳದು, ಒಳಗಿರುವವರ ಸೌಖ್ಯದ್ದು. ತಾರಸಿಯ ಫಲಕ ಕಿಟಕಿಯಲ್ಲ. ಪಕ್ಕದ ನಿವೇಶನದಲ್ಲಿ 30 ಮಹಡಿ ಎದ್ದು ನೆರಳು ಬಿದ್ದರೆ ಯೂನಿಟ್ಟಿನ ನಷ್ಟವನ್ನು ಆ ಹಳೆಯ ಕಲಮುಗಳಡಿ ಕೇಳುವುದು ಸುಲಭವಲ್ಲ. ಕಾಸರ್‌ವಡವಲಿಯವರೆಗೆ ಮೆಟ್ರೊ ಕಂಬಗಳು ಎದ್ದ ಈ ರಸ್ತೆಯಲ್ಲಿ ಖಾಲಿ ನಿವೇಶನ ಬಹುಕಾಲ ಖಾಲಿ ಉಳಿಯದು. ಆದ್ದರಿಂದ ಫಲಕಸಹಿತ ಮನೆ ಕೊಳ್ಳುವ ಮುನ್ನ ಆ ಮನೆಯ ಕಾಗದಗಳ ಜೊತೆಗೆ, ದಕ್ಷಿಣಕ್ಕಿರುವ ನೆರೆಯ ನಿವೇಶನಕ್ಕೆ ಪಾಲಿಕೆ ಎಷ್ಟು ಎತ್ತರದ ನಕ್ಷೆ ಮಂಜೂರು ಮಾಡಿದೆ ಎಂಬುದನ್ನೂ ನೋಡಬೇಕಾಗುತ್ತದೆ.