ಅದ್ಭುತ ಮತ್ತು ರಕ್ಷಣೆ: ಧಾರವಾಡ ಸೀಮೆಯ ಒಂದು ಪ್ರಸಂಗ

ಸಪ್ತಾಪುರಕ್ಕೆ ಹೊಂದಿಕೊಂಡಿರುವ ಕರ್ನಾಟಕ ಕಾಲೇಜು ಸ್ಥಾಪಿತವಾದುದು 1917ರಲ್ಲಿ. ಅದಕ್ಕೆ 80 ವರ್ಷಗಳ ಪೂರ್ವದಲ್ಲಿ, 1837ರಲ್ಲಿ, ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ತಮ್ಮ ಕೇಂದ್ರಗಳನ್ನು ತೆರೆದರು. ಅವರ ವಿದ್ಯಾಪ್ರಸಾರ, ಭಾಷಾಸೇವೆಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅವರು ಸಾರಬಂದ ‘ರಕ್ಷಣೆ’ಯನ್ನು ಈ ಸೀಮೆಯ ಜನರು ಹೇಗೆ ಗ್ರಹಿಸಿದರೆಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿದ್ದೇವೆ.

ಮೊದಲು ಪದಗಳನ್ನು ಗಮನಿಸಬೇಕು. ಶರಣರ ಮಹಿಮೆಯನ್ನು ಹೇಳುವ ‘ಪವಾಡ’ ಎಂಬ ಪದವು ಇಲ್ಲಿಯ ಜನರಿಗೆ ಚಿರಪರಿಚಿತವಾದುದು. ಆದರೆ ಪ್ರಾಟೆಸ್ಟಂಟರ ರೂಢಿಯ ಕನ್ನಡ ಬೈಬಲ್ಲಿನಲ್ಲಿ ಮೇಲುಗೈಯಾದುದು ‘ಅದ್ಭುತ’, ‘ಮಹತ್ಕಾರ್ಯ’, ‘ಸೂಚಕಕಾರ್ಯ’ ಎಂಬ ಪದಗಳು. ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನ ಅದ್ಭುತಗಳಿಗೆ ಬಳಸಿದ ಗ್ರೀಕ್ ಪದಕ್ಕೆ ‘ಗುರುತು’ ಎಂದೇ ಅರ್ಥ. ಅದ್ಭುತವು ತಾನೇ ಗುರಿಯಲ್ಲ, ಗುರಿಯನ್ನು ತೋರುವ ಗುರುತು ಎಂಬ ಭಾವವು ‘ಸೂಚಕಕಾರ್ಯ’ದಲ್ಲಿ ಉಳಿದು ಬಂದಿದೆ. ‘ಮೋಕ್ಷ’ವೆಂದರೆ ಜನ್ಮಬಂಧದಿಂದ ಬಿಡುಗಡೆ, ‘ರಕ್ಷಣೆ’ಯೆಂದರೆ ಪಾಪದಿಂದ ಬಿಡುಗಡೆ. ಆದರೆ ರಕ್ಷಿಸು ಎಂಬರ್ಥದ ಗ್ರೀಕ್ ಕ್ರಿಯಾಪದಕ್ಕೆ ರೋಗವನ್ನು ವಾಸಿಮಾಡು ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಒಮ್ಮೆ ‘ಸ್ವಸ್ಥಮಾಡು’, ಇನ್ನೊಮ್ಮೆ ‘ರಕ್ಷಿಸು’ ಎಂದು ಅನುವಾದಿಸಿದಾಗ ದೇಹ ಮತ್ತು ಆತ್ಮಗಳ ಈ ನಂಟು ಮರೆಯಾಗುತ್ತದೆ.

ಬಾಸೆಲ್ ಮಿಶನ್ನಿಗೆ ಬೆನ್ನೆಲುಬಾಗಿದ್ದ ಜರ್ಮನಿಯ ಭಕ್ತಿಪಂಥವು ಹೃದಯದ ಪರಿವರ್ತನೆಗೆ ಪ್ರಾಧಾನ್ಯ ಕೊಟ್ಟಿತು. ಹಾಗೆಂದು ಆ ಪಂಥದವರೆಲ್ಲ ಅದ್ಭುತಗಳನ್ನು ಗತಕಾಲದ ಸಂಗತಿಯೆಂದು ಬಗೆದಿದ್ದರೆನ್ನುವಂತಿಲ್ಲ. 1830ರಿಂದ 1837ರ ವರೆಗೆ ಬಾಸೆಲ್ಲಿನ ಮಿಶನ್ ಮನೆಯಲ್ಲಿ ಅಧ್ಯಾಪಕನಾಗಿದ್ದ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟನು ಮುಂದೆ 1842-43ರಲ್ಲಿ ಮ್ಯೋಟ್ಲಿಂಗನ್ ಎಂಬ ಹಳ್ಳಿಯಲ್ಲಿ ಪ್ರಾರ್ಥನೆಯಿಂದ ಒಬ್ಬ ತರುಣಿಯ ಬಾಧೆಯನ್ನು ನೀಗಿಸಿದನೆಂದು ಪ್ರಸಿದ್ಧನಾದನು.

ಇತ್ತ ನಮ್ಮ ಸೀಮೆಯಲ್ಲಿ ಬೇರೊಂದು ನಿರೀಕ್ಷೆಯಿತ್ತು. ವೀರವಸಂತರಾಯನು ಬರುವನು, ಕಲ್ಯಾಣವು ಮರಳಿ ನೆಲೆಗೊಳ್ಳುವುದು ಎಂದು ಸಾರುವ ಕಾಲಜ್ಞಾನ ಸಾಹಿತ್ಯವು ಲಿಂಗಾಯತರಲ್ಲಿ ಬಳಕೆಯಲ್ಲಿತ್ತು. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಒಂದು ಪಂಗಡದವರು ಮಿಶನರಿಗಳ ಸಂಪರ್ಕಕ್ಕೆ ಬಂದರು. ಸಾಮೂಹಿಕವಾದ ಮತಾಂತರವು ಸಮೀಪಿಸಿತೆಂದು ಮಿಶನರಿಗಳು ಹಿಗ್ಗಿದರು. ಹೊಸಬರಿಗೆ ನೆಲೆ ಕಲ್ಪಿಸಲೆಂದು 1841ರಲ್ಲಿ ಗದಗದ ಬಳಿಯ ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನು ಆರಂಭಿಸಿದರು. ಆದರೆ ಎಣಿಸಿದಂತೆ ಜನರು ಬರಲಿಲ್ಲ, ವಸಾಹತು ಬಾಳಲಿಲ್ಲ.

ಇದನ್ನು ಅನ್ನದಾಸೆಯ ಕಥೆಯೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಮತಾಂತರ ಹೊಂದಿದವನು ಜಾತಿಯನ್ನೂ ಬಂಧುಗಳನ್ನೂ ಕಳೆದುಕೊಳ್ಳುತ್ತಿದ್ದನು. ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು ಕಂಪನಿಯ ಆಳ್ವಿಕೆಯ ಪ್ರದೇಶಗಳಲ್ಲೆಲ್ಲ ಉಳಿಸಿದ ಕಾಯಿದೆ ಬಂದುದು 1850ರಲ್ಲಿ. ಅದಕ್ಕೆ ಮೊದಲು ಆತ್ಮದ ರಕ್ಷಣೆಯನ್ನು ಒಪ್ಪಿದವನ ದೇಹಕ್ಕೆ ರಕ್ಷಣೆ ಎಲ್ಲಿತ್ತು? ಈ ಪ್ರಶ್ನೆಯನ್ನು ಕೇಳಿದವರನ್ನು ಲೋಭಿಗಳೆನ್ನಲಾಗದು. ಇದೇ ಪ್ರಶ್ನೆ ಮಿಶನ್ನನ್ನು ಕರಾವಳಿಯಲ್ಲಿಯೂ ಕಾಡಿತು. ಅಲ್ಲಿ ನೇಯ್ಗೆಯ ಉದ್ಯಮವೂ, 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಹಂಚಿನ ಕಾರಖಾನೆಯೂ ಅದಕ್ಕೆ ದೊರೆತ ಉತ್ತರಗಳು.

ಮಿಶನರಿಗಳು ಗುರುತಿನಾಚೆಯ ಗುರಿಯನ್ನು ಬೋಧಿಸಿದರು. ಜನರು ಗುರಿಗೆ ಮೊದಲು ಗುರುತನ್ನು ಬೇಡಿದರು. ಮಲ್ಲಸಮುದ್ರದಲ್ಲಿ ಈ ಎರಡೂ ಒಂದೆಡೆ ಕೂಡಿ, ಕೂಡಿಬಾರದೆ ಹೋದವು. ಆದರೂ ದೇಹವನ್ನು ಬಿಟ್ಟು ರಕ್ಷಣೆಯಿಲ್ಲವೆಂಬ ಮೂಲಪದದ ಅರ್ಥವನ್ನು, ಅನುವಾದದಲ್ಲಿ ಅದು ಮರೆಯಾಗಿದ್ದರೂ, ಈ ನೆಲದ ಜನರು ತಮ್ಮ ಬಾಳಿನಿಂದಲೇ ಹಿಡಿದಿದ್ದರೆಂದು ನಮಗೆ ತೋರುತ್ತದೆ.